ಬಿಳಿಗಿರಿಯ ಕಾಡನ್ನು ಸೋಲಿಗರಿಗೆ ‘ಬರೆದುಕೊಟ್ಟಿಲ್ಲ’

‘ಬಿಳಿಗಿರಿರಂಗನ ಬೆಟ್ಟದ ಹುಲಿ ಕಾಡನ್ನು 2011ರಲ್ಲಿ ಸೋಲಿಗರ ಹೆಸರಿಗೆ ಬರೆದುಕೊಟ್ಟಾಗಿದೆ, ನಾಳೆ ಅವರು ಮಾರಿಕೊಂಡರೂ ಕೇಳುವವರಿಲ್ಲ’ ಎಂಬ ಒಕ್ಕಣೆ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದರಲ್ಲಿ ಇಸವಿಯೊಂದೇ ಸರಿ.

ಆ ವರ್ಷ ಈ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಗ್ರಾಮಸಭೆಗಳಿಗೆ ಸಿಕ್ಕಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕು: ಜೇನು, ನೆಲ್ಲಿ, ಪಾಚಿ (ಕಲ್ಲುಹೂ) ಮುಂತಾದ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದು, ಕಾಡನ್ನು ಕಾಯುವುದು, ನಿರ್ವಹಿಸುವುದು. ಇದು ಜಮೀನಿನ ಖಾತೆಯಲ್ಲ. ಈ ಕಾಯ್ದೆಯ ಹಕ್ಕು ಪಿತ್ರಾರ್ಜಿತವಾಗಿ ಬರುತ್ತದೆ. ಮಾರಲು, ಪರಭಾರೆ ಮಾಡಲು ಬರುವುದಿಲ್ಲ. ಹುಲಿ ಮೀಸಲು ಪ್ರದೇಶ ಮೊದಲಿನಂತೆಯೇ ಇದೆ.

‘ಕಾಡಿಗೆ ಬೆಂಕಿ ಇಡುವವರೇ ಇವರು’ ಎಂಬ ಮಾತೂ ಅದರ ಜೊತೆಗಿದೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿ ಇದ್ದದ್ದು ನಿಜ. ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಉರಿದು ಹೋಗುತ್ತಿತ್ತು, ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ, ಹೊಸ ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆಯೇ ಲಂಟಾನ ಎಂಬ ಕಳೆಗಿಡ ಆಳೆತ್ತರ ಹಬ್ಬಿತು, ನೆಲ್ಲಿ ಮರಕ್ಕೆ ಬದನಿಕೆ ಎಂಬ ಪರಾವಲಂಬಿ ಗಿಡ ಹೆಚ್ಚಿತು ಎನ್ನುವುದು ಅಲ್ಲಿನ ಹಿರಿಯರ ಲೆಕ್ಕ. ಸಂಶೋಧಕರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಲಂಟಾನಕ್ಕೆ ಬೇರೆ ಕಾರಣಗಳೂ ಇರಬಹುದು, ಅದು ಬೇರೆ ಚರ್ಚೆ. ಆದರೆ ಬೇಸಿಗೆಯ ಕಾಳ್ಗಿಚ್ಚನ್ನೂ ತರಗು ಬೆಂಕಿಯನ್ನೂ ಒಂದೇ ತಕ್ಕಡಿಗೆ ಹಾಕುವುದು ಒಲೆಯನ್ನೂ ಮನೆಗೆ ಬಿದ್ದ ಕಿಚ್ಚನ್ನೂ ಒಂದೇ ಎಂದಂತೆ.

ಆ ಒಕ್ಕಣೆ ನಿಮ್ಮ ಗುಂಪಿಗೂ ಬಂದಿದ್ದರೆ, ಕಳಿಸಿದವರಿಗೆ ಇದನ್ನು ತೋರಿಸಿ.