ಗೋಡೆ ಮೇಲಿನ ಆ ನಾಲ್ಕು ಸಾಲು

ಮ್ಯೂಸಿಯಂಗೆ ಹೋದರೆ ನನಗೊಂದು ಕೆಟ್ಟ ಚಟ. ಚಿತ್ರಕ್ಕಿಂತ ಮೊದಲು ಪಕ್ಕದ ಲೇಬಲ್ ಓದ್ತೀನಿ. ಕಾಲ, ಮಾಧ್ಯಮ, ಅಳತೆ, ಕೊಟ್ಟವರ ಹೆಸರು. ಆ ನಾಲ್ಕು ಸಾಲು ಬರೆಯೋ ಪೆನ್ನು ಯಾರ ಕೈಲಿದೆಯೋ ಅವರೇ ಅಲ್ಲಿನ ಯಜಮಾನರು.

'ಸಮುದಾಯದ ಸಹಭಾಗಿತ್ವ', ಅಂದರೆ ಪ್ರದರ್ಶನದ ತೀರ್ಮಾನಗಳಲ್ಲಿ ಜನರನ್ನೂ ಸೇರಿಸಿಕೊಳ್ಳೋದು, ಅನ್ನೋ ಮಾತು ಈಗ ಎಲ್ಲ ಮ್ಯೂಸಿಯಂನವರ ಬಾಯಲ್ಲೂ ಇದೆ. ಎಷ್ಟೋ ಸಲ ಅದು ಎರಡು ಮೀಟಿಂಗು, ಒಂದು ಗ್ರೂಪ್ ಫೋಟೋ ಅಷ್ಟೇ. ಯಾವ ಕೃತಿ ಇಡಬೇಕು ಅನ್ನೋ ಪಟ್ಟಿ ಮೊದಲೇ ತಯಾರಾಗಿರುತ್ತೆ.

ಪೆನ್ನು ನಿಜವಾಗಿಯೂ ಕೈ ಬದಲಾಯಿಸಿದ್ದೂ ಉಂಟು. 2022ರಲ್ಲಿ ಅಮೆರಿಕದ ಬಾಲ್ಟಿಮೋರ್ ಕಲಾ ಮ್ಯೂಸಿಯಂನಲ್ಲಿ 17 ಮಂದಿ ಸೆಕ್ಯುರಿಟಿ ಗಾರ್ಡ್‌ಗಳು ಸೇರಿ ಒಂದು ಪ್ರದರ್ಶನ ಕಟ್ಟಿದರು. ಯೋಚಿಸಿ, ಒಂದೇ ಚಿತ್ರದ ಮುಂದೆ ದಿನಗಟ್ಟಲೆ ನಿಲ್ಲೋರು ಅವರು. ಜನ ಎಲ್ಲಿ ಕಾಲು ನಿಲ್ಲಿಸ್ತಾರೆ, ಮಕ್ಕಳ ಬೆರಳು ಎಲ್ಲಿಗೆ ಹೋಗುತ್ತೆ ಅನ್ನೋದು ಅವರಷ್ಟು ಯಾವ ಪಿಎಚ್‌ಡಿಗೆ ಗೊತ್ತು?

ಮರುವರ್ಷ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಅಮೆರಿಕದ ನೈಋತ್ಯ ಭಾಗದ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಮಡಕೆಗಳು ಬಂದವು. 21 ಸಮುದಾಯಗಳ 60ಕ್ಕೂ ಹೆಚ್ಚು ಜನ ಒಂದೊಂದೋ ಎರಡೆರಡೋ ಮಡಕೆ ಆರಿಸಿ, ಅವುಗಳ ಬಗ್ಗೆ ತಾವೇ ಬರೆದರು. ಮ್ಯೂಸಿಯಂ ಲೆಕ್ಕದಲ್ಲಿ ಮಡಕೆ ಅಂದರೆ ನಂಬರ್ ಹಚ್ಚಿದ ವಸ್ತು. ಅವರಿಗೆ ಅದು ಜೀವ ಇರೋದು, ಮನೆಯ ಹಿರಿಯರ ಹಾಗೆ. ಅಲ್ಲಿನ ಮೂಲನಿವಾಸಿಗಳ ಕಲೆಯನ್ನ ಅವರ ಸಮುದಾಯದವರೇ ಕ್ಯುರೇಟ್ ಮಾಡೋಕೆ, ಅಂದರೆ ಆರಿಸಿ, ಜೋಡಿಸಿ, ವಿವರಿಸೋಕೆ, ಆ ಮ್ಯೂಸಿಯಂ ತಗೊಂಡಿದ್ದು 153 ವರ್ಷ!

ಇಷ್ಟು ಹೇಳಿ ಡಾಕ್ಯುಮೆಂಟಾ ವಿಷಯ ಬಿಟ್ಟರೆ ಮೋಸ ಆಗುತ್ತೆ. ಅದು ಜರ್ಮನಿಯ ಕಾಸೆಲ್‌ನಲ್ಲಿ ಐದು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಸಮಕಾಲೀನ ಕಲಾ ಪ್ರದರ್ಶನ. 2022ರಲ್ಲಿ ಅದರ ಹೊಣೆ ಇಂಡೊನೇಷ್ಯಾದ ಜಕಾರ್ತದ ರುವಾಂಗ್ರೂಪಾ ಅನ್ನೋ ಕಲಾವಿದರ ಬಳಗದ್ದು. ಊರಿನವರ ಭತ್ತ ಒಟ್ಟಿಗೆ ಕೂಡಿಡೋ ಕಣಜಕ್ಕೆ ಇಂಡೊನೇಷ್ಯಾದಲ್ಲಿ 'ಲುಂಬುಂಗ್' ಅಂತಾರೆ. ಅದನ್ನೇ ಮಾದರಿ ಮಾಡ್ಕೊಂಡು ದುಡ್ಡನ್ನೂ ತೀರ್ಮಾನವನ್ನೂ ಹಂಚಿದರು. ಕರೆಸಿಕೊಂಡ ಗುಂಪುಗಳು ಇನ್ನಷ್ಟು ಜನರನ್ನ ಕರೆತಂದವು. ಶುರುವಾದ ಮೂರ್ನಾಲ್ಕು ದಿನಕ್ಕೇ ತಾರಿಂಗ್ ಪಾಡಿ ಅನ್ನೋ ಇಂಡೊನೇಷ್ಯಾದ ಕಲಾವಿದರ ಗುಂಪಿನ ದೊಡ್ಡ ಬ್ಯಾನರ್‌ನಲ್ಲಿ ಯಹೂದಿಗಳನ್ನ ಹೀಯಾಳಿಸೋ ಚಿತ್ರ ಇರೋದು ಕಣ್ಣಿಗೆ ಬಿತ್ತು. ಮೊದಲು ಕಪ್ಪು ಬಟ್ಟೆ ಮುಚ್ಚಿದರು, ಆಮೇಲೆ ಇಳಿಸಿದರು. ಇಳಿಸಿದ್ದು ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ ಚಿತ್ರ 2002ರದು, ಹೊಸದೇನಲ್ಲ. ಇಷ್ಟು ಜನರ ಮಧ್ಯೆ ಅದನ್ನ ಹತ್ತಿರ ನಿಂತು ನೋಡೋ ಕೆಲಸ ಯಾರದಾಗಿತ್ತು? ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅನ್ನೋದು ಸುಮ್ಮನೆ ಅಲ್ಲ.

ಆದರೂ, ಒಬ್ಬ ಕ್ಯುರೇಟರ್ ಎಡವಿದಾಗ 'ಒಬ್ಬರ ಕೈಗೆ ಕೊಡಲೇಬಾರದಿತ್ತು' ಅಂತ ಯಾರೂ ಅನ್ನಲ್ಲ. ಗುಂಪು ಎಡವಿದರೆ ಮಾತ್ರ ಪದ್ಧತಿಯೇ ತಪ್ಪಾಗಿಬಿಡುತ್ತೆ. ಹಂಚಿಕೊಳ್ಳಿ, ಆದರೆ ಇದು ಬೇಡ ಅನ್ನೋ ಅಧಿಕಾರ ಯಾರಿಗೆ, ಕೊನೆಗೆ ಉತ್ತರ ಕೊಡೋರು ಯಾರು ಅಂತ ಮೊದಲ ದಿನವೇ ಬರೆದಿಡಿ.

ಅಂದಹಾಗೆ, ಬಾಲ್ಟಿಮೋರ್‌ನ ಗಾರ್ಡ್‌ಗಳಿಗೆ ಆ ಕ್ಯುರೇಟಿಂಗ್ ಕೆಲಸಕ್ಕೂ ಸಂಬಳ ಕೊಟ್ಟಿದ್ದರು.