ಚಿಲಿಕಾದಲ್ಲಿ ಡಾಲ್ಫಿನ್ ತೋರಿಸಲು ಮೋಟಾರು ದೋಣಿ ಬೇಕೇ?

ಪರ

ಮೈಸೂರಿನವರು ಒಡಿಶಾದ ಚಿಲಿಕಾ ಸರೋವರ ನೋಡಿ ಬಂದರೆ ಒಂದು ಮಾತು ಗ್ಯಾರಂಟಿ: "ನಮ್ಮ ರಂಗನತಿಟ್ಟಿನಲ್ಲಿ ಹುಟ್ಟು ಹಾಕಿಕೊಂಡೇ ಸುತ್ತಿಸ್ತಾರೆ, ಅಲ್ಲಿಗೇನು ಕಷ್ಟ?" ಸ್ವಾಮಿ, ರಂಗನತಿಟ್ಟು ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಚಿಲಿಕಾ ಮಳೆಗಾಲದಲ್ಲಿ 1,100 ದಾಟುತ್ತದೆ. ಸಮುದ್ರದ ಗಾಳಿ ಬೇರೆ. ದೋಣಿ ಹೊರಡುವ ಸಾತಪಡದಿಂದ, ಸರೋವರ ಸಮುದ್ರಕ್ಕೆ ತೆರೆದುಕೊಳ್ಳುವ ಅಳಿವೆಯ ಕಡೆಗೆ ಹುಟ್ಟು ಹಾಕಿಕೊಂಡು ಹೊರಟರೆ ಊಟದ ಹೊತ್ತಿಗೆ ತಲುಪೋದೂ ಅನುಮಾನ.

ಚಿಲಿಕಾದ ಮೋಟಾರು ದೋಣಿಗಳನ್ನು ನಡೆಸುವವರು ದಡದ ಹಳ್ಳಿಯವರೇ. ಸಿಗಡಿಗೆ ಬೆಲೆ ಬಂದಾಗ ಹೊರಗಿನ ದುಡ್ಡು ಸರೋವರಕ್ಕೆ ನುಗ್ಗಿತು, ಮೀನುಗಾರರು ಜಗಳಕ್ಕೆ ನಿಂತರು. 1996ರಲ್ಲಿ ಸುಪ್ರೀಂ ಕೋರ್ಟ್ ಚಿಲಿಕಾದಿಂದ 1,000 ಮೀಟರ್ ಒಳಗೆ ಸಿಗಡಿ ಹೊಂಡ ಬೇಡ ಎಂದಿತು. ಅಂಥ ಊರಿಗೆ ಪ್ರವಾಸಿಗರ ಬಾಡಿಗೆ ಸಣ್ಣದಲ್ಲ. ಡಾಲ್ಫಿನ್ ಇದ್ದರೆ ತಾನೇ ನಾಳೆಯ ಬಾಡಿಗೆ? ಅದನ್ನು ಉಳಿಸಿಕೊಳ್ಳಲು ಅವರಿಗಿಂತ ಜಾಸ್ತಿ ಕಾರಣ ಯಾರಿಗಿದೆ?

ವಿರೋಧ

ಬಾಡಿಗೆ ಬೇಡ ಅಂದವರು ಯಾರು? ಬೆನ್ನಟ್ಟುವುದು ಬೇಡ ಅಂತಷ್ಟೇ ನನ್ನ ತಕರಾರು.

ಸಾತಪಡದಲ್ಲಿ ನಾನು ಕಂಡದ್ದು ಇಷ್ಟು. ದೋಣಿಯವನು ಎಂಜಿನ್ ನಿಲ್ಲಿಸಿದ. ಸ್ವಲ್ಪ ಹೊತ್ತು ಬರೀ ನೀರಿನ ಸದ್ದು. ಆಮೇಲೆ "ಪುಸ್" ಅಂತ ಒಂದು ಉಸಿರು. ಬೂದು ಬಣ್ಣದ, ಮೂತಿಯೇ ಇಲ್ಲದ ದುಂಡು ತಲೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಅಷ್ಟಕ್ಕೇ ಇನ್ನೂ ನಾಲ್ಕು ದೋಣಿಗಳು ಡುಬುಡುಬು ಅಂತ ಅದೇ ಜಾಗಕ್ಕೆ ಬಂದವು. ಕೊನೆಗೆ ನಮಗೆ ಕಂಡದ್ದು ಬರೀ ಹೊಗೆ.

ಇದು ಇರಾವತಿ ಡಾಲ್ಫಿನ್. ಇಡೀ ಚಿಲಿಕಾದಲ್ಲಿ ಇರೋದು 150ರ ಆಸುಪಾಸು. ಕದಡಿದ ನೀರಿನಲ್ಲಿ ಅದಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ಸದ್ದು ಬಿಟ್ಟು, ಅದರ ಪ್ರತಿಧ್ವನಿ ಕೇಳಿ ಮೀನು ಹುಡುಕುತ್ತದೆ. ನಾವು ಅದರ ಕಿವಿಯ ಪಕ್ಕದಲ್ಲೇ ಮೋಟಾರು ತಿರುಗಿಸುತ್ತೇವೆ. ಮೋಟಾರಿನ ರೆಕ್ಕೆ ತಾಗಿ ಗಾಯವಾಗುವುದೂ ಉಂಟು.

ಈ ಸರೋವರ ಒಮ್ಮೆ ಕೈತಪ್ಪುವುದರಲ್ಲಿತ್ತು. ಅಳಿವೆಯಲ್ಲಿ ಮರಳು ಕೂಡಿ ಉಪ್ಪುನೀರು ಬರೋದೇ ಕಡಿಮೆಯಾಯಿತು. 1993ರಲ್ಲಿ, ಜೌಗು ಪ್ರದೇಶಗಳನ್ನು ಉಳಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸರ್‌ನವರ ಅಪಾಯದ ಪಟ್ಟಿಗೂ ಸೇರಿತು. 2000ದಲ್ಲಿ ಹೊಸ ಅಳಿವೆ ತೆರೆದ ಮೇಲೆ ಮೀನು ಮರಳಿತು, 2002ರಲ್ಲಿ ಪಟ್ಟಿಯಿಂದ ಹೊರಬಂತು. ಇಷ್ಟು ಮಾಡಿದವರಿಗೆ ದೂರದಲ್ಲೇ ಎಂಜಿನ್ ನಿಲ್ಲಿಸುವುದು, ಒಂದು ಕಡೆಗೆ ಎರಡೇ ದೋಣಿ ಬಿಡುವುದು ದೊಡ್ಡ ವಿಷಯವೇ?

ಪ್ರವಾಸಿಗರು ಒಪ್ಪಲ್ಲ ಅಂತೀರಾ? ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿಯನ್ನೇ ನಿಲ್ಲಿಸುತ್ತಾರೆ. ಹಾಗೆ ಒಂದು ಭಾನುವಾರ ಹೋಗಿ, ಮಕ್ಕಳ ಜೊತೆ ದಡದಲ್ಲೇ ಕೂತು ಕಡಲೆಕಾಯಿ ತಿಂದು ಬಂದೆವು. ಬೇಜಾರಾಯಿತು, ನಿಜ. ಮುಂದಿನ ತಿಂಗಳು ಮತ್ತೆ ಹೋದೆವು.