ಚಿನ್ನದ ಹಾಳೆಯ ಜೊತೆಗೆ ದುಡಿದ ಗಂಟೆಗಳನ್ನೂ ಕೂಡಿಸಿ

ಮೈಸೂರು ಶೈಲಿಯ ಚಿತ್ರ ಬರೆದು ಬದುಕು ಕಟ್ಟಿಕೊಳ್ಳುವವರ ಬಗ್ಗೆ ನಾನು ಓದಿದ ಲೇಖನವೊಂದು, ಬೆಲೆ ನಿಗದಿಗೆ ಬಣ್ಣ, ಚಿನ್ನದ ಹಾಳೆ, ಫ್ರೇಮುಗಳನ್ನಷ್ಟೇ ಕೂಡಿಸಿದೆ. ನಷ್ಟ ಶುರುವಾಗುವುದೇ ಅಲ್ಲಿ. 12×16 ಇಂಚಿನ ಒಂದು ಚಿತ್ರಕ್ಕೆ 45 ಗಂಟೆ, ಗಂಟೆಗೆ 120 ರೂಪಾಯಿ ಎಂದಿಟ್ಟುಕೊಳ್ಳಿ: ಕೂಲಿಯೇ 5,400. ಸಾಮಗ್ರಿ 2,500 ಸೇರಿದರೆ 7,900. ಗ್ಯಾಲರಿ ಶೇ 35 ಕಮಿಷನ್ ಕೇಳಿದರೆ ಹಲವರು 7,900ಕ್ಕೆ ಶೇ 35 ಸೇರಿಸಿ 10,665 ಎನ್ನುತ್ತಾರೆ. ಕಮಿಷನ್ ಇಡೀ ಮಾರಾಟ ಬೆಲೆಯ ಮೇಲಾದ್ದರಿಂದ, ಅದು ಕಳೆದು ಕೈಗೆ ಬರುವುದು 6,932 ಮಾತ್ರ. 7,900ನ್ನು 0.65ರಿಂದ ಭಾಗಿಸಬೇಕು, ಅಂದರೆ ಸುಮಾರು 12,150. ನೇರವಾಗಿ ಮಾರುವಾಗಲೂ ಇದೇ ಬೆಲೆ ಇರಲಿ. ಮನೆಯಲ್ಲಿ ಅಗ್ಗ ಎಂದು ತಿಳಿದರೆ ಗ್ಯಾಲರಿಯವರು ಮತ್ತೆ ಕರೆಯುವುದಿಲ್ಲ.

ಇನ್ನು ವಾಪಸ್ ಬರುವ ಚಿತ್ರಗಳು. ಚಿನ್ನದ ಹಾಳೆಯ ಕೆಳಗೆ ಉಬ್ಬು ಬರಲು ಹಚ್ಚುವ ಲೇಪವಾದ ಮಕ್ಕಿ ಸಫೇದದಲ್ಲಿ ಅಂಟು ಹೆಚ್ಚಾದರೆ ಒಣಗಿದ ಮೇಲೆ ಬಿರುಕು, ಕಡಿಮೆಯಾದರೆ ಬೆರಳಿಗೆ ಪುಡಿ. ಒಂದೇ ಸಲ ದಪ್ಪ ಹಚ್ಚದೆ ಎರಡು ಮೂರು ತೆಳು ಪದರ ಹಾಕಿ, ನೆರಳಲ್ಲಿ ಒಣಗಿಸಿ. ಫ್ರೇಮಿನ ಗಾಜು ಉಬ್ಬಿಗೆ ತಾಗಕೂಡದು, ಕನಿಷ್ಠ 3 ಮಿ.ಮೀ. ಅಂತರ ಬೇಕು. ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಗಾಜಿಗಂಟಿದ ಚಿನ್ನ, ಫ್ರೇಮು ಬಿಚ್ಚುವಾಗ ಚಕ್ಕೆಯಾಗಿ ಎದ್ದು ಬರುತ್ತದೆ. ನಕಲಿ ಹಾಳೆ ತಾಮ್ರ–ಸತುವಿನದು, ವಾರ್ನಿಷ್ ಇಲ್ಲದಿದ್ದರೆ ಕಪ್ಪಾಗುತ್ತದೆ. ಬಳಸಿದರೆ ಬಿಲ್ಲಿನಲ್ಲಿ ಬರೆಯಲೇಬೇಕು, ಗಿರಾಕಿಗೆ ಅದು ನಮ್ಮ ಋಣ.

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ದೊಡ್ಡ ಚಿತ್ರ ಎರಡು ಸಾಕು, ಉಳಿದದ್ದು ಕೈಯಲ್ಲಿ ಹಿಡಿದು ನಡೆಯುವಷ್ಟು ಚಿಕ್ಕದಿರಲಿ. ದಸರಾ ಆರ್ಡರುಗಳನ್ನು ಎರಡು ತಿಂಗಳು ಮೊದಲೇ ನಿಲ್ಲಿಸಿ, ಅರ್ಧ ಮುಂಗಡ ಪಡೆದೇ ಪೆನ್ಸಿಲ್ ಹಿಡಿಯಿರಿ.